ಹುಣಸೆಕೊಪ್ಪಲಿನ ಚೌಕ

ಮೊದಲ ಸಲ ಬಣ್ಣ ತುಂಬಿದಾಗ
ಮಂಡ್ಯ ಜಿಲ್ಲೆಯೆಲ್ಲ ಒಂದೇ ನೀಲಿ.
ಕಿಕ್ಕೇರಿಯೂ ಕಿರುಗಾವಲೂ ಒಂದೇ,
ನೆನೆದದ್ದೂ ಒಣಗಿದ್ದೂ ಒಂದೇ,
ಬಸರಾಳಿನ ಪಕ್ಕದಲ್ಲಿ ಮಾತ್ರ
ಒಂದು ಚೌಕ ಕಡುಗೆಂಪು.

ತಪ್ಪು ಹುಡುಕುತ್ತ ಮಧ್ಯಾಹ್ನದ ಊಟ ಆರಿತು.
ಆ ಚೌಕದ ಹೊಟ್ಟೆಯೊಳಗೆ ಕೂತಿತ್ತು
ಮೈನಸ್ ಒಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತು.
ಇಲ್ಲ ಎನ್ನುವುದಕ್ಕೆ ಯಾರೋ ಎಂದೋ ಇಟ್ಟ ಗುರುತು.
ಯಂತ್ರಕ್ಕೇನು ಗೊತ್ತು, ಅಂಕಿ ಅಂದರೆ ಅಂಕಿ.
ಹುಣಸೆಕೊಪ್ಪಲಿನಲ್ಲಿ ಸೆಪ್ಟೆಂಬರ್ ಪೂರ್ತಿ
ಹತ್ತು ಮೀಟರು ಮಳೆ
ನೆಲದಿಂದ ಮುಗಿಲಿಗೆ ಸುರಿದಿದೆ ಎಂದು ನಂಬಿ
ಅದಕ್ಕೆ ತಕ್ಕ ಹಾಗೆ ಅಳತೆಪಟ್ಟಿ ಹಿಗ್ಗಿಸಿ
ಮಿಕ್ಕ ಊರುಗಳ ಹೆಚ್ಚುಕಡಿಮೆಯನ್ನೆಲ್ಲ
ಒಂದು ಕೂದಲೆಳೆಗೆ ಇಳಿಸಿತ್ತು.

ಅಳಿಸಿ ಸೊನ್ನೆ ಹಾಕಿದೆ.
ಈಗ ಆ ಚೌಕ ಕಂದಿ ಕಂದು ಬಣ್ಣಕ್ಕೆ ತಿರುಗಿತು,
ಕೆರೆ ಬಾಯಿಬಿಟ್ಟ ಊರಿನ ಹಾಗೆ.
ಸೊನ್ನೆಯೂ ಒಂದು ಸಾಕ್ಷಿ ತಾನೆ.
ಹೋಗಿ ನೋಡಿ ಬಂದವರು ಹೇಳುವ ಮಾತು ಅದು,
ನೋಡದವರ ಬಾಯಿಗೆ ತುರುಕುವುದಲ್ಲ.

ಚೆನ್ನಿಗರಾಯ ಸಾರ್ ಬಂದು ಬೆನ್ನ ಹಿಂದೆ ನಿಂತರು.
“ಸುತ್ತ ಎಂಟು ಚೌಕ ಇದಾವಲ್ಲಮ್ಮ,
ಸರಾಸರಿ ತೆಗೆದು ತೇಪೆ ಹಾಕು.
ಸೋಮವಾರ ಡೀಸಿ ಮೀಟಿಂಗು,
ತೂತಿನ ನಕ್ಷೆ ಹಿಡ್ಕೊಂಡು ಹೋಗಕ್ಕಾಗತ್ತಾ?”
ಹಾಕಿದೆ. ಎಷ್ಟು ಚೆಂದ ಕೂತಿತು ಅಂದರೆ
ಹೊಲಿಗೆಯೇ ಕಾಣಲಿಲ್ಲ.
ಅದಕ್ಕೇ ಹೆದರಿಕೆಯಾಯಿತು.

ಅಳಗುಳಿಮನೆಯಲ್ಲಿ ಅಜ್ಜಿ ಹೀಗೇ ಗೆಲ್ಲುತ್ತಿದ್ದಳು:
ಬರಿಗುಳಿ ಸಿಕ್ಕರೆ ಬೆರಳಿಂದ ಒರೆಸಿ
ಆಚೆಯ ಗುಳಿಯ ಹುಣಸೆಬೀಜ ಬಾಚುವುದು.
ಆದರೆ ಬಾಚಿದ್ದನ್ನು ಬರಿಗುಳಿಗೆ ತುಂಬಿ
ಮೊದಲಿಂದ ಇಲ್ಲೇ ಇತ್ತು ಅಂದವಳಲ್ಲ.

ಶನಿವಾರ ಬಸರಾಳು ಬಸ್ಸು ಹತ್ತಿದೆ.
ಹುಣಸೆಕೊಪ್ಪಲಿನ ಶಾಲೆಯ ಹಿತ್ತಲಲ್ಲಿ
ತಂತಿ ಬೇಲಿಯೊಳಗೆ ಮಳೆಮಾಪಕ ನೆಟ್ಟಗೆ ನಿಂತಿತ್ತು,
ತೂತಿಲ್ಲ, ತುಕ್ಕಿಲ್ಲ, ಬಾಯಿಗೊಂದು ಬೇವಿನ ಎಲೆ.
ಬಿಸಿಯೂಟದ ಪಾತ್ರೆ ಬೆಳಗುತ್ತಿದ್ದ ಹೊಂಬಾಳಮ್ಮ
ಕೈ ಒರೆಸಿಕೊಂಡು ಪುಸ್ತಕ ತಂದಳು.
ಒಂಬತ್ತು ವರ್ಷ, ದಿನಾ ಬೆಳಿಗ್ಗೆ ಎಂಟೂವರೆ, ದುಂಡು ಅಂಕಿ.
ಮೊಮ್ಮಗಳ ನಾಮಕರಣದ ದಿನವೂ ಇದೆ,
ಎರಡು ಪಾಯಿಂಟು ನಾಲ್ಕು.
ಸೆಪ್ಟೆಂಬರ್ ಆರರಿಂದ ಬರೀ ಅಡ್ಡಗೀಟು.

“ಅಳ್ತೆ ಗ್ಲಾಸು ಒಡ್ದೋಯ್ತು ಕನವ್ವ, ಬೆಕ್ಕು ಬೀಳಿಸ್ತು.
ಮಳೆ ಉಯ್ತು, ಚೆನ್ನಾಗೇ ಉಯ್ತು, ಕೆರೆ ಏರಿ ಮುಟ್ತು.
ಲೋಟದಲ್ಲಿ ಅಳ್ದು ಬರಿ ಅಂದ್ರು ಮೇಷ್ಟ್ರು.
ನಮ್ಮನೆ ಲೋಟದ ಲೆಕ್ಕ ನಿಮ್ಗೇನ್ ಗೊತ್ತಾಯ್ತದೆ?
ಸೊನ್ನೆ ಬರ್ದ್ರೆ ಮಳೆಗ್ ಮೋಸ.
ಗೀಟು ಎಳ್ದೆ. ತಪ್ಪಾಯ್ತಾ?”

ಇಲ್ಲ ಅಂದೆ. ಬೆಲ್ಲದ ಕಾಫಿ ಕೊಟ್ಟಳು.
ಬರುವಾಗ ಕೆರೆ ಏರಿಯ ಮೇಲೆ ನಡೆದೆ.
ನೀರು ಇಳಿದ ಗುರುತು ಕಲ್ಲುಗಳ ಮೇಲೆ
ಮೂರು ಪಟ್ಟೆ ಕೆಸರು.
ಬೆರಳಿಟ್ಟು ನೋಡಿದೆ, ಇನ್ನೂ ಹಸಿ.

ಭಾನುವಾರ ಆಫೀಸಿನ ಬೀಗ ತೆಗೆಸಿ
ತೇಪೆ ಬಿಚ್ಚಿದೆ.
ಆ ಚೌಕವನ್ನು ಲೆಕ್ಕದಿಂದ ಹೊರಗಿಟ್ಟು ಬೂದು ಬಳಿದೆ,
ಅಳತೆಪಟ್ಟಿಗೆ ಅಂಟದ ಹಾಗೆ, ತುಸು ದೂರದಲ್ಲಿ
ಅದಕ್ಕೊಂದು ಪುಟ್ಟ ಬೂದು ಮನೆ.
ಮಾಹಿತಿ ಇಲ್ಲ ಅಂತ ಬರೆದು, ಅಳಿಸಿ,
ಮಳೆ ಬಂದಿದೆ, ಅಳೆದಿಲ್ಲ ಅಂತ ಬರೆದೆ.
ಆಗ ಕಿಕ್ಕೇರಿ ಹಸಿರಾಯಿತು, ಕಿರುಗಾವಲು ಹಳದಿ,
ದುದ್ದ, ಕೊಪ್ಪ, ಬೆಳ್ಳೂರು
ತಮ್ಮ ತಮ್ಮ ಬಣ್ಣಕ್ಕೆ ಬಂದವು.

“ಕೇಳ್ತಾರಲ್ಲಮ್ಮ,” ಅಂದರು ಸಾರ್.
ಕೇಳಲಿ ಸಾರ್, ಅಂದೆ.
ಯಾರೂ ಕೇಳಲಿಲ್ಲ.
ಡೀಸಿಯ ಟೀ ಲೋಟ ಅದರ ಮೇಲೇ ಕೂತಿತ್ತಂತೆ.

ಗ್ಲಾಸಿಗೆ ಇಂಡೆಂಟ್ ಹಾಕಿ ಹದಿನೇಳು ದಿನ.
ಕಿಟಕಿಯಾಚೆ, ಬಸರಾಳಿನ ದಿಕ್ಕಿಗೆ,
ಮೋಡ ಕಟ್ಟುತ್ತಿದೆ.